ಎರಡನೇ ಸಲ ಒರೆಸಿದ ಹತ್ತಿ

ಪೊಲೀಸರು ಕರೆತಂದ ಮನುಷ್ಯನ ರಕ್ತ ತೆಗೆಯುವ ಮೊದಲು ಅವನ ತೋಳಿಗೆ ಸ್ಪಿರಿಟ್ ಹಚ್ಚಬಾರದು. ಸಾಬೂನು ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು, ಒಣ ಹತ್ತಿಯಿಂದ ಒತ್ತಬೇಕು, ಆಮೇಲೆ ಸೂಜಿ. ಸ್ಪಿರಿಟ್ ಅಂದರೂ ಒಂದು ಬಗೆಯ ಶೆರೆಯೇ. ಅದು ಸೂಜಿಯ ಮೊನೆಗೆ ಹತ್ತಿ ರಕ್ತದಲ್ಲಿ ಸೇರಿತು ಅಂದರೆ, ಆ ಮನುಷ್ಯ ಕುಡಿದಿದ್ದನೋ ನಾವೇ ಕುಡಿಸಿದೆವೋ ಎಂದು ಕೋರ್ಟಿನಲ್ಲಿ ಕೇಳುತ್ತಾರೆ.

ಇದನ್ನು ನನಗೆ ಕಲಿಸಿದವರು ನಮ್ಮ ಸಿಸ್ಟರ್. ನಾನು ಓದಿದ್ದು ಏಳನೇ ಇಯತ್ತೆ. ಹುಮನಾಬಾದ ಮತ್ತು ಬಸವಕಲ್ಯಾಣದ ನಡುವೆ, ಹೈವೇಗೆ ಹತ್ತಿದಂತಿರುವ ಒಂದು ದವಾಖಾನೆಯಲ್ಲಿ ಆಯಾ ಆಗಿ ಒಂಬತ್ತು ವರ್ಷ ಕೆಲಸ ಮಾಡಿದೆ. ಅದರ ಹೆಸರು ಬರೆಯುವುದಿಲ್ಲ. ತಪ್ಪು ಮಾಡಿದ್ದು ನಾನು, ದವಾಖಾನೆಯಲ್ಲ. ನೆಲ ಒರೆಸುವುದು, ಬೆಡ್‌ಪ್ಯಾನ್ ಎತ್ತುವುದು ನನ್ನ ಕೆಲಸ. ಆದರೆ ಸಿಸ್ಟರ್ ಒಬ್ಬರೇ ಇದ್ದಾಗ ಟ್ರೇ ಹಚ್ಚುವುದು, ಗಾಯ ತೊಳೆಯುವುದು, ಸೂಜಿ ಚುಚ್ಚುವ ಜಾಗ ಒರೆಸುವುದು ನನ್ನ ಪಾಲಿಗೇ ಬರುತ್ತಿತ್ತು.

ಅಂದು ಎಳ್ಳ ಅಮಾಸಿ. ಊರಿಗೆ ಊರೇ ಹೊಲದಲ್ಲಿತ್ತು. ಬೆಳಗಿನಿಂದ ಮೂರು ಜನ ಪೇಷೆಂಟು ಬಂದಿದ್ದರೆ ಹೆಚ್ಚು. ಮನೆಯಿಂದ ತಂದ ಭಜ್ಜಿ, ಸಜ್ಜೆ ರೊಟ್ಟಿಯನ್ನು ನಾನು ಮತ್ತು ಸಿಸ್ಟರ್ ಹಂಚಿಕೊಂಡು ಉಂಡಿದ್ದೆವು. ಇಳಿಹೊತ್ತು ನಾಲ್ಕೂವರೆ ಸುಮಾರಿಗೆ ಒಂದು ಆಟೋ ಹಾರ್ನ್ ಹೊಡೆಯುತ್ತಲೇ ಒಳಗೆ ಬಂತು. ಹಿಂದಿನ ಸೀಟಿನಲ್ಲಿ ಒಬ್ಬ ಗಂಡಸು ಅಡ್ಡ ಮಲಗಿದ್ದ. ಅವನ ತಲೆ ಹೆಂಡತಿಯ ತೊಡೆಯ ಮೇಲಿತ್ತು. ಬಲಗಾಲು ಮೊಳಕಾಲಿನ ಕೆಳಗೆ ಕಾಲಿನಂತೆ ಇರಲಿಲ್ಲ.

ಅವನು ಘಾಟಬೋರಾಳದ ಗೌಂಡಿ, ಗೋಡೆ ಕಟ್ಟುವವನು. ರಾಜೇಶ್ವರದಲ್ಲಿ ಹೆಂಡತಿಯ ತವರಿನವರ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡು, ಇಬ್ಬರೂ ಬೈಕಿನ ಮೇಲೆ ಊರಿಗೆ ಹೊರಟಿದ್ದರು. ಎದುರಿಗೆ ಒಂದು ಪಿಕಪ್ ಗಾಡಿ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಬಲಕ್ಕೆ ಬಂದು ನೇರ ಇವರ ಮೇಲೆಯೇ ಹಾಯ್ದಿತ್ತು. ಹೆಂಡತಿ ಕಬ್ಬಿನ ಗದ್ದೆಯ ಬದುವಿಗೆ ಬಿದ್ದು ಉಳಿದಳು. ಕೈ ತರಚಿತ್ತು, ಅಷ್ಟೇ.

ಡಾಕ್ಟರು ಕಾಲು ಕಟ್ಟಲು ನಿಂತರು. ಸಿಸ್ಟರ್ ಸಲೈನ್ ಹಚ್ಚಿದರು. ನಾನು ಅವನ ಮುಖ, ಬಾಯಿ ಒರೆಸಿದೆ. ತುಟಿ ಒಡೆದು ರಕ್ತ ಬಾಯೊಳಗೆ ಹೋಗಿತ್ತು, ಬೆರಳು ಹಾಕಿ ತೆಗೆದೆ. ಕೊರಳಲ್ಲಿ ತುಳಸಿ ಮಾಳಿ ಇತ್ತು. ಅವನು ಮಾಳಕರಿ, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವವನು. ಕೊರಳ ಪಕ್ಕ ಗಾಯವಿದ್ದುದರಿಂದ ಮಾಳಿ ಕತ್ತರಿಸಬೇಕಾಯಿತು. ಕತ್ತರಿ ಹಾಕಿದ ಕೂಡಲೇ ಮಣಿಗಳು ನೆಲಕ್ಕೆ ಉರುಳಿದವು. ಹೆಂಡತಿ ಅಷ್ಟು ಹೊತ್ತು ಅತ್ತಿರಲಿಲ್ಲ, ಆಗ ಅತ್ತಳು. ನಾನು ಬಗ್ಗಿ ಮಂಚದ ಕೆಳಗಿನಿಂದ ಒಂದೊಂದೇ ಮಣಿ ಆರಿಸಿ ಅವಳ ಸೆರಗಿನ ತುದಿಗೆ ಕಟ್ಟಿದೆ.

"ಅಕ್ಕಾ, ಇವ್ರು ಉಳೀತಾರೇನು?" ಎಂದಳು.

"ಉಳೀತಾರ. ನೀ ಧೈರ್ಯ ತಗೋ" ಎಂದೆ.

ರಕ್ತದ ಗುಂಪು ನೋಡಲು ಅವನ ತೋಳಿನಿಂದ ರಕ್ತ ತೆಗೆಯಬೇಕಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಲು ಬಿಟ್ಟು, "ಆತ್ರಿ ಸಿಸ್ಟರ್" ಎಂದೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಹಚ್ಚಿದ ಸ್ಪಿರಿಟ್ ಒಣಗಲು ಬಿಡಬೇಕು ಎನ್ನುವುದು ಆ ಗದ್ದಲದಲ್ಲೂ ನನಗೆ ನೆನಪಿತ್ತು.

ಬೀದರಿಗೆ ಕಳಿಸಲು ಆಂಬುಲೆನ್ಸಿಗೆ ಫೋನು ಹೋಯಿತು. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಪಿಕಪ್ ಡ್ರೈವರನನ್ನು ಹಿಡಿದು ತಂದಿದ್ದರು. ಊದಿಸಿ ನೋಡುವ ಯಂತ್ರ ಆ ಜೀಪಿನಲ್ಲಿ ಇರಲಿಲ್ಲ, ಹೀಗಾಗಿ ರಕ್ತವನ್ನೇ ತೆಗೆಸಬೇಕಿತ್ತು. ಹಿಡಿದ ಮೇಲೆ ಎರಡು ತಾಸಿನೊಳಗೆ ಅದು ಆಗಬೇಕು. ನಾನು ಬಾಗಿಲಲ್ಲಿ ರಕ್ತದ ಬಟ್ಟೆಗಳ ಬಕೆಟ್ಟು ಹಿಡಿದು ನಿಂತಿದ್ದೆ.

ಜೀಪಿನಿಂದ ಇಳಿದವನು ನನ್ನ ತಮ್ಮ.

ಅವನು ನನಗಿಂತ ಎಂಟು ವರ್ಷ ಚಿಕ್ಕವನು. ಆ ಪಿಕಪ್‌ನ ಮಾಲೀಕನ ಹೆಂಡತಿ ನಮ್ಮಲ್ಲಿ ಹೆರಿಗೆಗೆ ಬಂದಾಗ ಹಗಲೂ ರಾತ್ರಿ ಅವಳ ಸೇವೆ ಮಾಡಿ, ಬೇಡಿಕೊಂಡು, ತಮ್ಮನಿಗೆ ಆ ಡ್ರೈವರಿಕೆ ಕೊಡಿಸಿದವಳು ನಾನೇ. ಅವನು ಕುಡಿಯುತ್ತಾನೆ ಎಂದು ನನಗೆ ಗೊತ್ತಿತ್ತು. ಮಾಲೀಕನಿಗೆ ಹೇಳಿರಲಿಲ್ಲ.

ಡಾಕ್ಟರು ಗೌಂಡಿಯ ಕಾಲು ಬಿಟ್ಟು ಬರುವ ಹಾಗಿರಲಿಲ್ಲ. ಅಲ್ಲಿಂದಲೇ ಕೂಗಿದರು, "ಆ ಡ್ರೈವರ್‌ನ ಕೂಡ್ರಿಸಿ ತೋಳು ಒರೆಸಿ ತಯಾರ ಇಡು. ಪೊಲೀಸ್ ಕೇಸ್ ಅದ, ಸಾಬೂನು ನೀರು. ನೆನಪದ ಅಲ್ಲ?"

"ಹೌದ್ರಿ ಸಾಹೇಬ್ರ" ಎಂದೆ.

ಪೊಲೀಸ್ ಪೇದೆ ಬಾಗಿಲ ಹೊರಗೆ ಕಾಗದ ಬರೆಯುತ್ತಿದ್ದರು. ಡ್ರೆಸ್ಸಿಂಗ್ ಕೋಣೆಯಲ್ಲಿ ನಾವಿಬ್ಬರೇ. ಸ್ಟೂಲಿನ ಮೇಲೆ ಕುಳಿತವನ ಬಾಯಿಂದ ವಾಸನೆ ಹೊಡೆಯುತ್ತಿತ್ತು. ನಾನಿನ್ನೂ ಯಾವ ಬಾಟಲಿಯ ಮುಚ್ಚಳವನ್ನೂ ತೆಗೆದಿರಲಿಲ್ಲ.

"ಎಷ್ಟ ಕುಡಿದಿ?" ಎಂದೆ ಸಣ್ಣ ದನಿಯಲ್ಲಿ.

"ಎರಡು ಕ್ವಾರ್ಟರ್. ಹಬ್ಬ ಅದಲ್ಲಕ್ಕಾ. ಸಾಹುಕಾರರ ಹೊಲದಾಗ ಎಲ್ಲಾರೂ ತಗೊಂಡ್ರು." ಆಮೇಲೆ ನನ್ನ ಸೀರೆಯ ಮೇಲಿನ ರಕ್ತ ನೋಡಿದ. "ಅವ ಸತ್ತನೇನು? ಅಕ್ಕಾ, ಅವ ಸತ್ತನೇನು?"

"ಬಾಯಿ ಮುಚ್ಚು. ತೋಳ ಚಾಚು."

ಅವನು ತೋಳು ಚಾಚಿದ. ನಾನು ರಬ್ಬರ್ ಪಟ್ಟಿ ಕಟ್ಟಿದೆ. ನನ್ನ ಕೈ ಟ್ರೇಗೆ ಹೋಯಿತು. ದಿನಕ್ಕೆ ನಲವತ್ತು ಸಲ ಹೋಗುವ ಕೈ ಅದು, ಸ್ಪಿರಿಟ್ ಹತ್ತಿಯನ್ನೇ ಎತ್ತಿತು. ಮೊಳಕೈಯ ಒಳಗಡೆ ಒಂದು ಸಲ ಒರೆಸಿದೆ. ತೊಗಲು ತಣ್ಣಗಾದಾಗ ಅವನು ಉಸಿರೆಳೆದ. ಅದೇ ಗಳಿಗೆಗೆ ನನಗೆ ತಿಳಿಯಿತು ಏನು ಮಾಡಿದೆ ಎಂದು.

ಆಗಲೂ ಏನೂ ಕೆಟ್ಟಿರಲಿಲ್ಲ. ಇನ್ನೊಂದು ತೋಳಿತ್ತು. ಸಾಬೂನು ನೀರಿನ ಬಟ್ಟಲು ಕೈಯಳತೆಯಲ್ಲೇ ಇತ್ತು. "ಸಾಹೇಬ್ರ, ತಪ್ಪಿ ಸ್ಪಿರಿಟ್ ಹಚ್ಚಿದೆ, ಎಡಗೈ ತಯಾರ ಮಾಡ್ತೇನಿ" ಅಂದಿದ್ದರೆ ಎರಡು ಬೈಗುಳ ತಿಂದು ಮುಗಿಯುತ್ತಿತ್ತು.

ನಾನು ಹಾಗೆ ಮಾಡಲಿಲ್ಲ. ಬಾಟಲಿ ಬಗ್ಗಿಸಿ, ಹೊಸ ಹತ್ತಿಯನ್ನು ತೊಟ್ಟಿಕ್ಕುವಷ್ಟು ನೆನೆಸಿ, ಅದೇ ಜಾಗಕ್ಕೆ ಎರಡನೇ ಸಲ ಒರೆಸಿದೆ. ಒಣಗಲು ಬಿಡಲಿಲ್ಲ. ಡಾಕ್ಟರ ಹೆಜ್ಜೆ ಕೇಳಿದಾಗ ಹತ್ತಿಯನ್ನು ಬಕೆಟ್ಟಿಗೆ ಹಾಕಿದೆ.

ಡಾಕ್ಟರು ಗ್ಲೌಸ್ ಬದಲಿಸಿ ಬಂದರು. ಕೋಣೆಯೆಲ್ಲ, ಪಕ್ಕದ ಕೋಣೆಯಲ್ಲಿ ಗೌಂಡಿಯ ಗಾಯಕ್ಕೆ ಬಳಸಿದ ಔಷಧಿ, ಸ್ಪಿರಿಟ್‌ನ ವಾಸನೆಯಿಂದ ತುಂಬಿತ್ತು, ಅವರಿಗೆ ಬೇರೆಯಾಗಿ ತಿಳಿಯುವಂತಿರಲಿಲ್ಲ. "ಸಾಬೂನು ನೀರೇ ಹೌದಿಲ್ಲ?" ಎಂದು ಕೇಳಿದರು.

ನಾನು ಹೌದೆಂದು ತಲೆ ಆಡಿಸಿದೆ.

"ನಿನಗ ಗುರ್ತೇನು ಇಂವ?"

"ನಮ್ಮೂರ ಕಡಿಯವ್ರಿ" ಎಂದೆ.

ರಕ್ತ ತೆಗೆದರು. ಬೂದು ಮುಚ್ಚಳದ ಟ್ಯೂಬಿಗೆ ಹಾಕಿದರು, ಅಲುಗಿಸಿದರು, ಚೀಟಿ ಅಂಟಿಸಿದರು, ಅರಗು ಕಾಯಿಸಿ ಮುದ್ರೆ ಒತ್ತಿದರು. ಮುದ್ರೆ ಒತ್ತಿದಾಗ ಹತ್ತಿರ ಇದ್ದವರೆಂದು ಸಿಸ್ಟರ್ ಸಹಿ ಮಾಡಿದರು, ಕೆಳಗೆ ನಾನು ಮಾಡಿದೆ. ನನ್ನ ಸಹಿ ದೊಡ್ಡ ದೊಡ್ಡ ಅಕ್ಷರದ್ದು. ಅದು ಆ ಕಾಗದದ ಮೇಲೆ ಈಗಲೂ ಇದೆ.

ಗೌಂಡಿಯ ಕಾಲನ್ನು ಬೀದರಿನಲ್ಲಿ ಮೊಳಕಾಲಿನ ಕೆಳಗೆ ತೆಗೆದರು.

ಕಲಬುರಗಿಯ ಪ್ರಯೋಗಾಲಯದಿಂದ ವರದಿ ಬರಲು ತಿಂಗಳುಗಳೇ ಹಿಡಿದವು. ನೂರು ಮಿಲಿ ರಕ್ತಕ್ಕೆ ಮೂವತ್ತು ಮಿಲಿಗ್ರಾಂ ದಾಟಿದರೆ ಕುಡಿದು ಓಡಿಸಿದಂತೆ. ತಮ್ಮನದು ಅದಕ್ಕಿಂತ ಬಹಳ ಹೆಚ್ಚಿತ್ತು. ಜಾಮೀನಿನ ಮೇಲೆ ಮನೆಗೆ ಬಂದಿದ್ದವನು ವರದಿಯ ಸುದ್ದಿ ಕೇಳಿ ಎರಡು ದಿನ ಉಣ್ಣಲಿಲ್ಲ. ಅವ್ವ ನನ್ನ ಮುಂದೆ ಕುಳಿತು ಸೆರಗು ಕಚ್ಚಿ ಅತ್ತಳು. ಆಗ ಬಾಯಿಬಿಟ್ಟೆ. "ಆ ವರದಿ ನಿಲ್ಲಂಗಿಲ್ಲ. ನಾ ಸ್ಪಿರಿಟ್ ಹಚ್ಚೇನಿ" ಎಂದೆ.

ಮರುದಿನವೇ ತಮ್ಮ ಅದನ್ನು ಮಾಲೀಕನಿಗೆ ಹೇಳಿದ, ಮಾಲೀಕ ತಾನು ಇಟ್ಟಿದ್ದ ವಕೀಲರಿಗೆ ಹೇಳಿದ. ಡ್ರೈವರ್ ಕುಡಿದಿದ್ದು ಸಾಬೀತಾದರೆ ವಿಮೆಯವರು ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ಹೀಗಾಗಿ ಅವನಿಗೂ ಆ ರಕ್ತ ಬೇಡವಾಗಿತ್ತು. ವಕೀಲರು ನನ್ನನ್ನು ಕರೆಸಿದರು. ಮುದ್ರೆಯ ಸಾಕ್ಷಿ ಎಂದು ಸರಕಾರದ ಪಟ್ಟಿಯಲ್ಲಿ ನನ್ನ ಹೆಸರು ಇದ್ದೇ ಇತ್ತು.

"ನೋಡ್ರಿ ಅಕ್ಕಾರ" ಎಂದರು, "ನೀವೊಂದೂ ಸುಳ್ಳ ಹೇಳೂದ ಬ್ಯಾಡ. ನಾ ಪಾಟಿಸವಾಲಿನಾಗ ಕೇಳ್ತೇನಿ, ತೋಳಿಗಿ ಏನ್ ಹಚ್ಚಿದ್ರಿ ಅಂತ. ಸ್ಪಿರಿಟ್ ಅನ್ರಿ. ಅದು ಖರೇನ ಅದ. ಕೇಳಿದ್ದಕ್ಕಷ್ಟ ಹೇಳ್ರಿ, ಕೇಳದಿದ್ದದ್ದು ಹೇಳಬ್ಯಾಡ್ರಿ."

"ನಾ ಅಕ್ಕ ಅಂತ?"

"ಅದು ಯಾರೂ ಕೇಳೂದಿಲ್ಲ. ನಿಮ್ಮ ಗಂಡನ ಮನಿ ಹೆಸರು ಬ್ಯಾರೆ ಅದ."

ಸುಳ್ಳು ಹೇಳಬೇಕಾಗಿಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತು ಎಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಕೇಸು ನಡೆಯುತ್ತಲೇ ಇತ್ತು. ಗೌಂಡಿಗೆ ಹಚ್ಚಿದ ಕೃತಕ ಕಾಲು ಮೊಂಡಿಗೆ, ಉಳಿದ ಕಾಲಿನ ತುದಿಗೆ, ತಿಕ್ಕಿ ತಿಕ್ಕಿ ಹುಣ್ಣಾಯಿತು. ಬೀದರ ದೂರವೆಂದು ಅವರು ಡ್ರೆಸ್ಸಿಂಗಿಗೆ ನಮ್ಮಲ್ಲಿಗೇ ಬರತೊಡಗಿದರು, ಮಂಗಳವಾರ, ಶುಕ್ರವಾರ. ಬಟ್ಟೆ ಬಿಚ್ಚುವುದು, ಸಲೈನಿನಿಂದ ತೊಳೆಯುವುದು, ಕೊಳೆತ ತೊಗಲನ್ನು ಸಿಸ್ಟರ್ ತೆಗೆಯುವಾಗ ಮೊಂಡಿ ಅಲುಗದಂತೆ ಹಿಡಿಯುವುದು ನನ್ನ ಕೆಲಸ. ಅವನು ನೋವಾದರೆ "ವಿಠ್ಠಲಾ" ಅನ್ನುತ್ತಿದ್ದ, ಬೇರೆ ಮಾತು ಕಡಿಮೆ. ಎತ್ತರದ ಗೋಡೆಯ ಮೇಲೆ ನಿಂತು ಇಟ್ಟಿಗೆ ಹಿಡಿಯುತ್ತಿದ್ದವನು ಈಗ ಕೆಳಗೆ ಕುಳಿತು ಜಲ್ಲಿ ಕಲ್ಲಿನ ಕಡಿ ಒಡೆಯುತ್ತಿದ್ದ. ಹೆಂಡತಿ ಮಾತ್ರ ಮಾತಾಡುತ್ತಿದ್ದಳು. ನನಗೆ ಪ್ರತಿ ಸಲ ಏನಾದರೂ ತರುತ್ತಿದ್ದಳು, ಹಸಿ ಕಡಲೆ, ತೊಗರಿಕಾಯಿ, ಒಮ್ಮೆ ತಾನೇ ಹೊಸೆದ ಶಾವಿಗೆ. ನಾನು ತೆಗೆದುಕೊಳ್ಳುತ್ತಿದ್ದೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳಲ್ಲ.

ಒಂದು ಶುಕ್ರವಾರ ಅವಳು ಸುಮ್ಮನೆ ಬಂದಳು. ಸಿಸ್ಟರ್ ಅವಳನ್ನು ನಗಿಸಲು, "ಏನಬೇ, ಇವತ್ತ ಬಾಯಿಗಿ ಬೀಗ ಹಾಕೊಂಡ ಬಂದಿ? ನಮಗ ಕಿವಿ ಖಾಲಿ ಖಾಲಿ ಅನಸ್ಲಿಕತ್ತದ" ಎಂದರು.

ಅವಳು ನಗಲಿಲ್ಲ. "ನಿನ್ನೆ ಪರಿಹಾರದ ಕೋರ್ಟಿನಾಗ ಇವ್ರನ್ನ ನಿಂದ್ರಿಸಿದ್ರು ಸಿಸ್ಟರ್. ಗಾಡಿ ಕಡಿ ವಕೀಲರು ಕೇಳಿದ್ರು, ಎಳ್ಳ ಅಮಾಸಿ ದಿನ ನೀ ಎಷ್ಟ ಕುಡಿದಿದ್ದಿ, ನಶಾದಾಗ ನೀನೇ ನಡುವ ಬಂದಿ ಅಲ್ಲ, ಅಂತ. ಮಾಳಕರಿ ಮನಷ್ಯಾಗ! ಹುಟ್ಟಿದಾಗಿನಿಂದ ಬಾಟ್ಲಿ ಮುಟ್ಟಿಲ್ಲ. ಇವ್ರು ಮನಿಗಿ ಬಂದು ರೊಟ್ಟಿ ಮುಟ್ಟಿಲ್ಲ."

ಗೌಂಡಿ ಗೋಡೆಯ ಕಡೆ ಮುಖ ಮಾಡಿದ್ದ. ಮೊಂಡಿ ನನ್ನ ಎರಡೂ ಕೈಯಲ್ಲಿತ್ತು.

"ಇವ್ರ ರಕ್ತದಾಗ ಶೆರೆ ಇತ್ತೋ ಇಲ್ಲೋ ಯಾರೂ ನೋಡಿಲ್ಲಂತ, ಅದಕ್ಕ ಪುರಾವೆ ಇಲ್ಲಂತ" ಎಂದು ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ಅವತ್ತ ಇವ್ರ ಬಾಯಾಗ ಬೆರಳ ಹಾಕಿ ರಕ್ತ ತೆಗೆದಾಕಿ ನೀ. ವಾಸನಿ ಇತ್ತೇನು? ನೀ ಬಂದು ಒಂದ ಮಾತು ಹೇಳ್ತಿಯೇನು?"

"ವಾಸನಿ ಇರ್ಲಿಲ್ಲ" ಎಂದೆ. ಮೊಂಡಿಯನ್ನು ಮಂಚದ ಮೇಲೆ ಇಳಿಸಿದೆ. ಬಕೆಟ್ಟು ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋದೆ.

ಅಲ್ಲಿ ನಿಂತಾಗ ಲೆಕ್ಕ ಸ್ಪಷ್ಟವಾಯಿತು. ತಮ್ಮನ ರಕ್ತದ ವರದಿ ಬಿದ್ದುಹೋದರೆ ಕುಡಿದವರು ಯಾರೂ ಇಲ್ಲ, ಅಥವಾ ಇಬ್ಬರೂ ಕುಡಿದವರೇ. ಆಗ ತಪ್ಪು ಅರ್ಧರ್ಧವಾಗುತ್ತದೆ, ಗೌಂಡಿಯ ಪರಿಹಾರವೂ ಅರ್ಧಕ್ಕಿಳಿಯುತ್ತದೆ. ನಾನು ತಮ್ಮನನ್ನು ಉಳಿಸಿದೆ ಎಂದುಕೊಂಡಿದ್ದೆ. ಆದರೆ ನನ್ನ ಹತ್ತಿ ಅವನ ಶೆರೆಯನ್ನು ಅವನ ತೋಳಿನಿಂದ ಒರೆಸಿ ಈ ಮಾಳಕರಿಯ ಬಾಯಿಗೆ ಹಚ್ಚಿತ್ತು.

ಆದರೂ ಆ ದಿನವೇ ನಾನು ಗಟ್ಟಿಯಾದೆ ಎಂದರೆ ಸುಳ್ಳಾಗುತ್ತದೆ. ಸಮನ್ಸು ಬರುವವರೆಗೂ ದಿನ ದೂಡಿದೆ. ಕೋರ್ಟಿಗೆ ಹೋಗುವ ಮುಂಜಾನೆ ಮಾತ್ರ, ಡ್ಯೂಟಿಗೆ ಬಂದ ಸಿಸ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕುರ್ಚಿಯ ಮೇಲೆ ಕುಳಿತರು. "ನಾ ಕಲಿಸಿದ್ದು ಇದಕ್ಕೇನಬೇ?" ಎಂದರು. ಅಷ್ಟೇ. ನನಗೆ ಆಮೇಲೆ ಅಲ್ಲಿ ನಿಲ್ಲಲು ಆಗಲಿಲ್ಲ, ಬಸ್ಸು ಹಿಡಿದೆ.

ಕಟಕಟೆಯಲ್ಲಿ ಸರಕಾರಿ ವಕೀಲರು ಸಹಿ ತೋರಿಸಿ ನಿಮ್ಮದೇ ಹೌದೇ ಎಂದು ಕೇಳಿದರು. ಹೌದೆಂದೆ. ಆಮೇಲೆ ತಮ್ಮನ ಕಡೆಯ ವಕೀಲರು ಎದ್ದರು.

"ದಿನಾ ಸೂಜಿ ಮಾಡೂ ಮೊದಲ ಏನ್ ಹಚ್ತೀರಿ?"

"ಸ್ಪಿರಿಟ್ ರಿ."

"ಆ ದಿನ ಆರೋಪಿಯ ತೋಳಿಗಿ?"

"ಸ್ಪಿರಿಟ್ ರಿ."

"ಸಾಕು." ಅವರು ಜಡ್ಜರ ಕಡೆ ನೋಡಿ ಕುಳಿತರು. ಮುಖದಲ್ಲಿ ಕೆಲಸ ಮುಗಿದ ಸಮಾಧಾನವಿತ್ತು. ಹಿಂದಿನ ಬೆಂಚಿನಲ್ಲಿ ಅವ್ವ ಕೈ ಮುಗಿದು ಕುಳಿತಿದ್ದಳು. ಇನ್ನೊಂದು ಬೆಂಚಿನಲ್ಲಿ ಕೃತಕ ಕಾಲು ಬಿಚ್ಚಿ ಪಕ್ಕಕ್ಕಿಟ್ಟುಕೊಂಡ ಗೌಂಡಿ, ಅವನ ಹೆಂಡತಿ.

ಜಡ್ಜರು "ಇಳೀರಿ" ಎಂದರು. ನಾನು ಇಳಿಯಲಿಲ್ಲ.

"ಸಾಹೇಬ್ರ, ಅರ್ಧಾನ ಹೇಳೀನಿ. ಇನ್ನರ್ಧ ಅದ."

ವಕೀಲರು ತಟ್ಟನೆ ಎದ್ದು ಆಕ್ಷೇಪಣೆ ಎಂದರು. ಜಡ್ಜರು ಕೈ ಎತ್ತಿ ಅವರನ್ನು ಕೂಡ್ರಿಸಿ, "ಸ್ಪಿರಿಟ್ ಹಚ್ಚಬಾರದು ಅಂತ ನಿಮಗ ಗೊತ್ತಿತ್ತೇನು? ಮರೆತು ಹಚ್ಚಿದ್ದೋ, ತಿಳಿದು ಹಚ್ಚಿದ್ದೋ?" ಎಂದು ಕೇಳಿದರು.

"ಗೊತ್ತಿತ್ರಿ. ಒಂದನೇ ಸಲ ಮರೆತು ಹಚ್ಚಿದೆ. ಎರಡನೇ ಸಲ ತಿಳಿದೇ ಹಚ್ಚಿದೆ. ಇಂವ ನನ್ನ ತಮ್ಮ ಇದ್ದಾನ. ನಾ ಬಾಟ್ಲಿ ತೆಗೆಯೂಕಿಂತ ಮೊದಲ ಇವನ ಬಾಯಾಗ ಶೆರೆ ವಾಸನಿ ಇತ್ತು. ಎರಡು ಕ್ವಾರ್ಟರ್ ಕುಡಿದೇನಿ ಅಂತ ನನಗ ಹೇಳ್ದ. ಆ ಗೌಂಡಿಯವ್ರ ಬಾಯಿ ಒರೆಸ್ದಾಕಿನೂ ನಾನೇ. ಅವ್ರ ಬಾಯಾಗ ರಕ್ತ ಬಿಟ್ರ ಏನೂ ಇರ್ಲಿಲ್ಲ. ಡಾಕ್ಟರ್ ಸಾಹೇಬ್ರು ಕೇಳಿದಾಗ ಸುಳ್ಳೇ ತಲಿ ಆಡಿಸಿದೆ. ಅವ್ರದೇನೂ ತಪ್ಪಿಲ್ರಿ."

ವಕೀಲರು ಮತ್ತೆ ಎದ್ದರು. ಈ ಸಲ ಅವರ ದನಿ ಬೇರೆ ಇತ್ತು. "ಅಂದ್ರ ಅವತ್ತ ಸುಳ್ಳ ಹೇಳಿದ್ರಿ. ಇವತ್ತ ಖರೇ ಹೇಳಾಕತ್ತೀರಿ ಅಂತ ಹ್ಯಾಂಗ ನಂಬೂದು?"

"ನಂಬಬ್ಯಾಡ್ರಿ" ಎಂದೆ. "ನಾ ಹೇಳೂದಷ್ಟ ಹೇಳೀನಿ."

ಕೆಳಗೆ ಇಳಿಯುವಾಗ ತಮ್ಮ ನನ್ನನ್ನು ನೋಡಲಿಲ್ಲ. ಅವ್ವ ನೋಡಿದಳು. ಅಂದಿನಿಂದ ಇಬ್ಬರೂ ನನ್ನ ಹೊಸ್ತಿಲು ತುಳಿದಿಲ್ಲ.

ತೀರ್ಪಿನಲ್ಲಿ ರಕ್ತದ ವರದಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ತಿಳಿದು ಕೆಡಿಸಿದರೂ ಮರೆತು ಕೆಡಿಸಿದರೂ ಕೆಟ್ಟದ್ದು ಕೆಟ್ಟದ್ದೇ. ಕುಡಿದು ಓಡಿಸಿದ ಆರೋಪ ಬಿದ್ದುಹೋಯಿತು. ಅಡ್ಡಾದಿಡ್ಡಿ ಓಡಿಸಿ ಕಾಲು ಕಳೆದಿದ್ದಕ್ಕೆ ಮಾತ್ರ ತಮ್ಮನಿಗೆ ಶಿಕ್ಷೆಯಾಯಿತು. ಅದರ ಮೇಲೆ ಅಪೀಲು ನಡೆದಿದೆ. ನನ್ನ ಮಾತಿನ ನಕಲು ಪ್ರತಿಯನ್ನು ಗೌಂಡಿಯ ಕಡೆಯವರು ಪರಿಹಾರದ ಕೋರ್ಟಿಗೆ ಕೊಟ್ಟರು. ಅಲ್ಲಿ ಅವನ ಕಡೆ ತಪ್ಪಿಲ್ಲವೆಂದು ಬರೆದರು. ಕುಡಿದಿದ್ದ ಎಂಬ ಮಾತು ಅವನ ಹೆಸರಿನಿಂದ ಹೋಯಿತು. ಊರಿನವರ ಬಾಯಿಂದ ಪೂರಾ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಸಾಕ್ಷಿ ಹೇಳಿ ಬಂದ ಕೂಡಲೇ ದವಾಖಾನೆಯಲ್ಲಿ, ತಿಂಗಳ ಕೊನೆಯವರೆಗೆ ಇರು, ಆಮೇಲೆ ಬರಬೇಡ ಎಂದರು. ನ್ಯಾಯವೇ. ಸಿಸ್ಟರ್ ಒಂದು ಬಿಳಿ ಹಾಳೆ, ದಪ್ಪ ಪೆನ್ನು ಕೊಟ್ಟು, "ಬರಿ" ಎಂದರು. ಅವರು ಹೇಳಿದಂತೆ ನನ್ನ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದೆ: ಪೊಲೀಸ್ ಕೇಸಿನ ರಕ್ತಕ್ಕೆ ಸ್ಪಿರಿಟ್ ಹಚ್ಚಬಾರದು. ಅವರು ಅದನ್ನು ಟ್ರೇಯ ಮೇಲಿನ ಗೋಡೆಗೆ ಅಂಟಿಸಿದರು.

ನನ್ನ ಕೊನೆಯ ವಾರದ ಮಂಗಳವಾರ ಅವರಿಬ್ಬರೂ ಡ್ರೆಸ್ಸಿಂಗಿಗೆ ಬಂದರು. ಕೋರ್ಟಿನ ನಂತರ ಬಂದದ್ದು ಅದೇ ಮೊದಲು. ಗೌಂಡಿಯ ಕೊರಳಲ್ಲಿ ಮಾಳಿ ಇತ್ತು, ಹಳೆಯ ಮಣಿಗಳನ್ನೇ ಹೊಸ ದಾರಕ್ಕೆ ಪೋಣಿಸಿದ್ದು. ಅವನು ಮಂಚ ಹತ್ತಿ ಕುಳಿತು ಕಾಲು ಬಿಚ್ಚಿದ. ನಾನು ಸಲೈನ್, ಹತ್ತಿ, ಬಟ್ಟೆ ಎಲ್ಲ ಟ್ರೇಗೆ ಹಚ್ಚಿ ಮೊಂಡಿ ಹಿಡಿಯಲು ಬಗ್ಗಿದೆ.

"ಸಿಸ್ಟರ್" ಎಂದಳು ಹೆಂಡತಿ. ನನ್ನನ್ನು ನೋಡಲಿಲ್ಲ. "ಆಕಿ ಕೈ ಬ್ಯಾಡ್ರಿ."

"ಇರ್ಲಿ ಬಿಡ" ಎಂದ ಗೌಂಡಿ. "ಕೋರ್ಟಿನಾಗ ಹೇಳ್ಯಾಳಲ್ಲ."

"ಹೇಳ್ಯಾಳ. ಆದ್ರ ನನ್ನ ಸೆರಗಿನಾಗ ಮಣಿ ಕಟ್ಟಿ, ಅದೇ ಕೈಲೆ ಹೋಗಿ ಅದನ್ನೂ ಮಾಡ್ಯಾಳ. ಎರಡು ವರ್ಷ ನನ್ನ ಮುಂದ ಕುಂತು ಇವ್ರ ಹುಣ್ಣ ತೊಳದಾಳ. ನಾ ಕಡಲಿ ತಂದ ಕೊಟ್ಟೀನಿ." ದನಿ ಏರಿರಲಿಲ್ಲ. "ನಾನೇ ಹಿಡೀತೇನಿ ಸಿಸ್ಟರ್. ಹ್ಯಾಂಗ ಹಿಡೀಬೇಕು, ತೋರಿಸ್ರಿ."

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಟ್ರೇಯನ್ನು ಅವರ ಪಕ್ಕಕ್ಕೆ ಸರಿಸಿ, ಹಿಂದಕ್ಕೆ ನಿಂತೆ. ಅವಳು ಬಳೆ ಹಿಂದೆ ಸರಿಸಿ, ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದಳು. ಮೊಂಡಿಯನ್ನು ಕೆಳಗಿನಿಂದ ಹಿಡಿದಳು. ಹಿಡಿತ ಸರಿ ಇರಲಿಲ್ಲ, ಒಂದು ಬೆರಳು ಹುಣ್ಣಿನ ಅಂಚಿಗೆ ತಾಗುತ್ತಿತ್ತು. ನನ್ನ ಬಾಯಿಗೆ ಮಾತು ಬಂತು.

ಅಷ್ಟರಲ್ಲಿ ಗೌಂಡಿ "ವಿಠ್ಠಲಾ" ಅಂದ. ಅವಳು ತಾನೇ ತಿಳಿದು ಬೆರಳು ಸರಿಸಿಕೊಂಡಳು.